ನಾನು ಲ್ಯಾಪ್‌ಟಾಪು ಕೊಂಡದ್ದು

ಎತ್ತು ಕೊಳ್ಳಲು ಜಾತ್ರೆಗೆ ಹೊರಟವನಿಗೂ ಲ್ಯಾಪ್‌ಟಾಪು ಕೊಳ್ಳಲು ಪೇಟೆಗೆ ಹೊರಟವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲವೆಂಬುದು ನನಗೆ ೨೦೨೫ರ ಮಳೆಗಾಲದಲ್ಲಿ ಅರಿವಾಯಿತು. ಇಬ್ಬರಿಗೂ ಕೇಳದೆಯೇ ಸಲಹೆ ಕೊಡುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಒಬ್ಬ ಕೋಡು ನೋಡು ಎನ್ನುತ್ತಾನೆ, ಇನ್ನೊಬ್ಬ ಹಲ್ಲು ನೋಡು ಎನ್ನುತ್ತಾನೆ, ಮೂರನೆಯವನು ಸುಳಿ ನೋಡದೆ ಹಗ್ಗ ಹಿಡಿಯಲೇಬೇಡ ಎಂದು ಹೆದರಿಸುತ್ತಾನೆ. ದುಡ್ಡು ಎಣಿಸಿ ಕೊಟ್ಟು ಮನೆಗೆ ತಂದು ಕಟ್ಟಿಕೊಳ್ಳುವವನು ಮಾತ್ರ ಕೊನೆಗೂ ಒಬ್ಬನೇ.

ನನಗೆ ಬೇಕಾಗಿದ್ದುದು ಸಾಧಾರಣವಾದ ಲ್ಯಾಪ್‌ಟಾಪಾಗಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನನ್ನ ಬೇಡಿಕೆಗಳು ಎರಡು. ಅದರಲ್ಲಿ ಲಿನಕ್ಸ್ ಸುಸೂತ್ರವಾಗಿ ನಡೆಯಬೇಕು. ಎರಡನೆಯದನ್ನು ಬರೆಯುವಾಗ ನಮ್ಮ ಅಧ್ಯಾಪಕವರ್ಗದ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ಲೇಖನಿ ತಡವರಿಸುತ್ತದೆ. ಅದರಲ್ಲಿ ಆಟ ಆಡಲು ಬರಬೇಕು. ಆಟವೆಂದರೆ ಇಸ್ಪೀಟು, ಚದುರಂಗಗಳಲ್ಲ. ಬೆಟ್ಟ, ಹೊಳೆ, ಕುದುರೆ, ಸೈನ್ಯಗಳು ಕಣ್ಣಿಗೆ ಕಟ್ಟುವಂತೆ ಮೂಡುವ, ಗ್ರಾಫಿಕ್ಸ್ ಬೇಡುವ ದೊಡ್ಡ ಆಟಗಳು. ಇತಿಹಾಸ ಮತ್ತು ಅರ್ಥಶಾಸ್ತ್ರ ಓದುವ ಬಿ.ಎ. ವಿದ್ಯಾರ್ಥಿಗೆ ಇಂಥ ಆಸೆ ಏಕೆ ಎಂದು ಕೇಳುವವರು ಕೇಳಲಿ. ಉತ್ತರ ಮುಂದೆ ಬರುತ್ತದೆ.

ನಮ್ಮ ಮನೆ ಆಲೂರು ತಾಲ್ಲೂಕಿನಲ್ಲಿ, ಪಾಳ್ಯದಿಂದ ಒಳಗೆ ನಡೆದು ಹೋಗಬೇಕಾದ ಒಂದು ಹಳ್ಳಿಯಲ್ಲಿದೆ. ಮುಂದೆ ಗದ್ದೆ, ಹಿಂದೆ ಗುಡ್ಡ, ಗುಡ್ಡದಾಚೆಗೆ ಸಕಲೇಶಪುರದ ಕಡೆಗೆ ಹಬ್ಬಿದ ಕಾಫಿ ತೋಟಗಳು. ತೋಟ ನಮ್ಮದಲ್ಲ. ಅಪ್ಪ ಅಲ್ಲಿ ಮರಗಸಿ ಮಾಡುತ್ತಾರೆ. ಪೇಟೆಯ ವಾಚಕರಿಗಾಗಿ ಹೇಳುತ್ತೇನೆ: ಮರಗಸಿಯೆಂದರೆ ತೋಟದ ನೆರಳುಮರಗಳನ್ನು ಹತ್ತಿ, ಕೊಂಬೆ ಸವರಿ, ಕೆಳಗಿನ ಗಿಡಗಳಿಗೆ ಬೇಕಾದಷ್ಟೇ ಬಿಸಿಲು ಬಿಡುವ ಕೆಲಸ. ಅವ್ವ ಹಣ್ಣು ಕುಯ್ಯುತ್ತಾರೆ. ನಾನು ರಜೆಯಲ್ಲಿ ಏಣಿ ಹತ್ತಿ ಮೆಣಸು ಕುಯ್ಯುತ್ತೇನೆ. ನಮ್ಮ ವಂಶದಲ್ಲಿ ಎಸ್.ಎಸ್.ಎಲ್.ಸಿ. ದಾಟಿದವನು ನಾನೊಬ್ಬನೇ. ನಾನು ಪಿ.ಯು.ಸಿ.ಗೆ ಸೇರಿದ ವರ್ಷ ಮನೆಯ ಕೊನೆಯ ಜೋಡಿ ಎತ್ತುಗಳು ಹೋದವು. ಆದ್ದರಿಂದಲೇ ಏನೋ, ಎತ್ತಿನ ಮಾತನ್ನು ನಾನಿರುವಾಗ ನಮ್ಮ ಮನೆಯಲ್ಲಿ ಸ್ವಲ್ಪ ಮೆಲ್ಲಗೆ ಆಡುತ್ತಾರೆ.

ಲಿನಕ್ಸ್ ನನ್ನ ಪಾಲಿಗೆ ಬಂದದ್ದು ಬಡತನದಿಂದ. ತೋಟದ ರೈಟರು ಕಚೇರಿಗೆ ಹೊಸದು ಬಂದಾಗ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು, "ತಗೊಂಡು ಹೋಗೋ, ನಿನ್ನ ಕೈಲಾದರೆ ಬದುಕಿಸ್ಕೋ" ಎಂದು ಕೊಟ್ಟರು. (ರೈಟರೆಂದರೆ ಗ್ರಂಥಕರ್ತರಲ್ಲ, ತೋಟದ ಹಾಜರಿ, ಲೆಕ್ಕ ಬರೆಯುವವರು.) ಎರಡು ಜಿಬಿ ಮೆಮೊರಿಯ ಆ ಮುದುಕನಿಗೆ ವಿಂಡೋಸ್ ೧೦ನ್ನು ಹೊರಲು ಶಕ್ತಿಯಿರಲಿಲ್ಲ. ಅದನ್ನು ಬದುಕಿಸಿದವನು ನನ್ನ ಕಾಸರಗೋಡಿನ ಗೆಳೆಯ. ಬದಿಯಡ್ಕದ ಕಡೆಯವನು, ಸೋದರಮಾವನ ಮನೆಯಲ್ಲಿದ್ದುಕೊಂಡು ಹಾಸನದಲ್ಲಿ ಓದುತ್ತಾನೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವುದೇ ಲಿನಕ್ಸ್‌ನಲ್ಲಿ. ೨೦೦೧ರಲ್ಲಿ ಆರಂಭವಾದ ಅವರ ಐಟಿ ಅಟ್ ಸ್ಕೂಲ್ ಯೋಜನೆ ೨೦೧೭ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಜಿಂಪ್, ಇಂಕ್‌ಸ್ಕೇಪ್ ಮೊದಲಾದುವನ್ನು ಕನ್ನಡ ಪಠ್ಯಪುಸ್ತಕ ಹಿಡಿದು ಕಲಿಯುತ್ತಾರೆ. ನಮ್ಮ ಹಾಸನದಲ್ಲಿ ಲಿನಕ್ಸ್ ಎಂದರೆ ಹುಬ್ಬು ಗಂಟಿಕ್ಕುವವರ ನಡುವೆ ಈ ಮಹಾಶಯನಿಗೆ ಅದು ಎಂಟನೆಯ ತರಗತಿಯ ಮಗ್ಗಿ. "ಎಂತ ಮಾರಾಯ, ಇದರಲ್ಲಿ ಹೆದರಲಿಕ್ಕೆ ಎಂತ ಉಂಟು?" ಎಂದವನೇ ಒಂದು ಪೆನ್‌ಡ್ರೈವು ಚುಚ್ಚಿದ. ಮುಕ್ಕಾಲು ಗಂಟೆಯಲ್ಲಿ ಮುದುಕ ಎದ್ದು ಕುಳಿತ.

ಅದರಲ್ಲಿ ಕನ್ನಡ ಟೈಪು ಮಾಡಿದ ಮೊದಲ ದಿನವನ್ನು ಮರೆಯಲಾರೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಅದರಲ್ಲಿ ಕಗಪ ಎಂಬ ಹೆಸರಿನಿಂದ ಸಿದ್ಧವಾಗಿತ್ತು. ಅಕ್ಷರಗಳ ಫಾಂಟುಗಳನ್ನು ಹುಡುಕಿದರೆ ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ! ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್‌ನ ತಿರುಳಾದ ಕರ್ನಲನ್ನು ಬರೆದು ಹಂಚಿದಾಗ ಅವನಿಗೆ ೨೧ ವರ್ಷ. ಈಗಿನ ನನಗಿಂತ ಒಂದೇ ವರ್ಷ ದೊಡ್ಡವನು. ಆ ಶೀತದೇಶದ ಮರಕ್ಕೆ ನಮ್ಮ ಹಕ್ಕಿಗಳು ಬಂದು ಕುಳಿತ ಹಾಗೆ ನನಗೆ ಅನ್ನಿಸಿತು. ನಮ್ಮ ಹಳ್ಳಿಯವರ ಅರ್ಜಿಗಳನ್ನೆಲ್ಲ ಆ ಮುದುಕನ ಮೇಲೆಯೇ ಟೈಪು ಮಾಡಿದೆ. ೨೦೨೫ರ ಮೇ ತಿಂಗಳ ಒಂದು ಸಿಡಿಲಿಗೆ ಅದು ಕಣ್ಣು ಮುಚ್ಚಿತು.

ಇನ್ನು ಆಟದ ವಿಷಯ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಬಟವಾಡೆಯ ದಿನ ಅಪ್ಪನ ಜೊತೆ ತೋಟದ ಬಂಗಲೆಗೆ ಹೋಗಿದ್ದೆ. ಆಳುಗಳೆಲ್ಲ ಜಗುಲಿಯಲ್ಲಿ ಕುಳಿತಿದ್ದರು. ಪಕ್ಕದ ಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ದೊಡ್ಡ ಪರದೆಯ ಮುಂದೆ ಕುಳಿತಿದ್ದ. ಪರದೆಯ ಮೇಲೆ ಹಿಮದ ಬೆಟ್ಟ. ಅದರ ಮೇಲೆ ಕುದುರೆ ಸವಾರನೊಬ್ಬ ಈ ಹುಡುಗನ ಬೆರಳು ಹೇಳಿದ ಕಡೆಗೆಲ್ಲ ಹೋಗುತ್ತಿದ್ದ. ಹುಡುಗ ನನ್ನನ್ನು ನೋಡಿ, "ಬಾ, ಆಡ್ತೀಯಾ?" ಎಂದು ಕರೆದ. ಒಳ್ಳೆಯ ಹುಡುಗ, ಎರಡು ಸಲ ಕರೆದ. ನನ್ನ ಕಾಲಿನಲ್ಲಿ ಕೆಸರು, ಇಂಬಳ ಕಚ್ಚಿದ ಕಡೆ ಇನ್ನೂ ನಿಲ್ಲದ ರಕ್ತ. ಒಳಗಿನ ನೆಲ ಕನ್ನಡಿಯಂತಿತ್ತು. ಬೇಡವೆಂದು ತಲೆಯಾಡಿಸಿದೆ. ಆದರೆ ಅಪ್ಪನ ಹೆಸರು ಕೂಗುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಮುದುಕ ತೀರಿಕೊಂಡ ಮೇಲೆ ಲ್ಯಾಪ್‌ಟಾಪು ಬೇಕೆಂದು ಮನೆಯಲ್ಲಿ ಕೇಳಿದಾಗಲೂ, "ಪರೀಕ್ಷೆ ಕಟ್ಟೋಕೆ, ಓದೋಕೆ" ಎಂದಷ್ಟೇ ಹೇಳಿದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವ್ವ ಆ ಮಾತು ನಂಬಿ ತಮ್ಮ ಸಂಘದಿಂದ ೩೦,೦೦೦ ರೂಪಾಯಿ ಸಾಲ ಎತ್ತಿದರು. ಮೂರು ಕುಯ್ಲುಗಳಲ್ಲಿ ನಾನು ಕೂಡಿಟ್ಟದ್ದು ೧೭,೦೦೦. ವಿದ್ಯಾರ್ಥಿವೇತನದಲ್ಲಿ ಉಳಿದದ್ದು ೮,೦೦೦. ಒಟ್ಟು ೫೫,೦೦೦. ಓದುವುದಕ್ಕಷ್ಟೇ ಆದರೆ ೩೦,೦೦೦ದ ಯಂತ್ರ ಧಾರಾಳವಾಗಿ ಸಾಕು ಎಂಬುದು ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಂತೆ ಗೆಳೆಯರು ಆಗಲೇ ಆಟಗಳ ಪಟ್ಟಿ ಮಾಡಿದರು. "ಆರ್‌ಟಿಎಕ್ಸ್ ಇಲ್ಲದ್ದು ಗೇಮಿಂಗ್ ಲ್ಯಾಪ್‌ಟಾಪೇ ಅಲ್ಲ" ಎಂಬುದು ಹಾಸ್ಟೆಲಿನ ಸರ್ವಾನುಮತದ ನಿರ್ಣಯ. ಮಂಗಳೂರಿಗೆ ಲಾರಿ ಓಡಿಸುವ ನಮ್ಮ ಚಿಕ್ಕಪ್ಪ, "ಕರೆಂಟು ಹೋದ್ರೆ ಎಷ್ಟೊತ್ತು ನಿಲ್ತದೆ, ಅದ್ನ ಕೇಳು ಮೊದ್ಲು" ಎಂದರು. ಆಗ ನಕ್ಕೆ. ಎಲ್ಲ ಸಲಹೆಗಳಲ್ಲಿ ಕೊನೆಗೆ ಉಪಯೋಗಕ್ಕೆ ಬಂದ ಎರಡರಲ್ಲಿ ಅದೊಂದು.

ಗ್ರಾಫಿಕ್ಸ್ ಚಿಪ್ಪು ಮಾಡುವ ಕೆಲಸವೇನೆಂದು ತಿಳಿಯದವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ, ಬಲ್ಲವರು ನಗಬಾರದು. ಲ್ಯಾಪ್‌ಟಾಪಿನ ಪರದೆ ಸಾಮಾನ್ಯವಾಗಿ ೧೯೨೦ಕ್ಕೆ ೧೦೮೦ ಚುಕ್ಕಿಯ ರಂಗೋಲಿ. ಒಟ್ಟು ೨೦,೭೩,೬೦೦ ಚುಕ್ಕಿಗಳು. ಆಟ ನಯವಾಗಿ ಓಡಬೇಕಾದರೆ ಈ ರಂಗೋಲಿಯನ್ನು ಸೆಕೆಂಡಿಗೆ ೬೦ ಸಲ ಅಳಿಸಿ ಹೊಸದಾಗಿ ಹಾಕಬೇಕು. ಅಂದರೆ ಪ್ರತಿ ಸೆಕೆಂಡಿಗೆ ೧೨ ಕೋಟಿ ೪೪ ಲಕ್ಷ ಚುಕ್ಕಿಗಳು, ಒಂದೊಂದಕ್ಕೂ ಅದರದರ ಬಣ್ಣ. ಪ್ರೊಸೆಸರು ತೋಟದ ಮೇಸ್ತ್ರಿಯಿದ್ದಂತೆ. ಬುದ್ಧಿವಂತ, ಯಾವ ಕೆಲಸ ಹೇಳಿದರೂ ಮಾಡುತ್ತಾನೆ, ಆದರೆ ಇರುವವರು ನಾಲ್ಕೋ ಎಂಟೋ ಜನ. ಗ್ರಾಫಿಕ್ಸ್ ಚಿಪ್ಪು ಕುಯ್ಲಿಗೆ ಬಂದ ಆಳುಗಳ ದೊಡ್ಡ ಗುಂಪು. ಒಬ್ಬೊಬ್ಬರಿಗೆ ಒಂದೊಂದು ಸಾಲು ಹಿಡಿಸಿಬಿಟ್ಟರೆ ತೋಟವೆಲ್ಲ ಏಕಕಾಲಕ್ಕೆ ಕುಯ್ಯುತ್ತದೆ.

ಆದರೆ ಚಿಪ್ಪು ಇದ್ದಮಾತ್ರಕ್ಕೆ ಆಗಲಿಲ್ಲ, ಅದಕ್ಕೆ ಹೇಳಿ ಕೆಲಸ ಮಾಡಿಸುವ ಡ್ರೈವರು ಬೇಕು. ಡ್ರೈವರೆಂದಾಗ ಚಿಕ್ಕಪ್ಪ ಕಿವಿ ನಿಮಿರಿಸಿದರು. ಅದು ತಂತ್ರಾಂಶ ಎಂದು ತಿಳಿದು ನಿರಾಶರಾದರು. ಮಾವುತ ಎಂದರೆ ಸರಿಹೋದೀತು. ಆನೆ ಎಷ್ಟೇ ಬಲಶಾಲಿಯಾಗಲಿ, ಅದರ ಭಾಷೆ ಬಲ್ಲ ಮಾವುತನಿಲ್ಲದಿದ್ದರೆ ದಿಮ್ಮಿ ಕದಲುವುದಿಲ್ಲ. ಆನೆಯ ಉಪಮೆಯನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ನಮ್ಮ ಕಡೆ ಅದು ತಾನಾಗಿಯೇ ಗದ್ದೆಗೆ ಬರುತ್ತದೆ. ಮೈಸೂರಿನಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ, ಕಾಡಾನೆ ಹಿಡಿಯಲು ಬಂದು ೨೦೨೩ರ ಡಿಸೆಂಬರ್ ೪ರಂದು ಪ್ರಾಣ ಬಿಟ್ಟದ್ದು ನಮ್ಮ ನೆರೆಯ ಯಸಳೂರಿನ ಕಾಡಿನಲ್ಲಿಯೇ.

ಎಎಮ್‌ಡಿ ಕಂಪನಿಯ ಚಿಪ್ಪುಗಳ ಮಾವುತ ಲಿನಕ್ಸ್‌ನ ಬಿಡಾರದೊಳಗೇ ವಾಸವಾಗಿದ್ದಾನೆ. ಎಎಮ್‌ಡಿಜಿಪಿಯು ಎಂಬ ಆ ಡ್ರೈವರು ೨೦೧೫ರಿಂದ ಕರ್ನಲಿನ ಭಾಗವೇ ಆಗಿದೆ. ಇಂಟೆಲ್ ಚಿಪ್ಪುಗಳದೂ ಹಾಗೆಯೇ. ಎನ್‌ವಿಡಿಯಾ ಕಂಪನಿಯ ಕಾರ್ಡುಗಳು ಬಲದಲ್ಲಿ ಮುಂದು. ಆದರೆ ಅವುಗಳ ಮಾವುತ ಬಹುಕಾಲ ಹೊರಗಿನವನಾಗಿದ್ದ, ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ೨೦೧೨ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಒಂದು ಸಭೆಯಲ್ಲಿ ಟೊರ್ವಾಲ್ಡ್ಸ್ ಈ ಕಂಪನಿಯನ್ನು ಕುರಿತು ಕ್ಯಾಮರಾದ ಎದುರು ಬೆರಳೆತ್ತಿ ಆಡಿದ ಮಾತನ್ನು ಕಾಲೇಜು ಸಂಚಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ೨೦೨೨ರ ಮೇ ತಿಂಗಳಲ್ಲಿ ಆ ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಬಹಿರಂಗಪಡಿಸಿತು. ಅದರ ಹೊಸ ಕಾರ್ಡುಗಳು ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತವೆ. ಹಾಸನದಲ್ಲೋ ಬೆಂಗಳೂರಿನಲ್ಲೋ ಮನೆಯಿದ್ದು, ವೈಫೈ ಹರಿಯುತ್ತಿರುವವರು ಧೈರ್ಯವಾಗಿ ಕೊಳ್ಳಬಹುದು. ನಮ್ಮ ಕತೆ ಬೇರೆ. ನಮ್ಮ ಹಳ್ಳಿಯಲ್ಲಿ ಫೋನಿನ ಸಿಗ್ನಲ್ಲು ಸಿಗುವುದು ಮನೆಯ ಹಿಂದಿನ ಗುಡ್ಡದ ಒಂದು ಬಂಡೆಯ ಮೇಲೆ. ಆನೆ ಎಲ್ಲಿ ಬಂದಿದೆಯೆಂಬ ಸಂದೇಶವೂ ಅಲ್ಲಿಗೇ ಬರುತ್ತದೆ. ಅದನ್ನು ಓದಲು ಹೋಗುವ ದಾರಿಯಲ್ಲಿ ಆನೆಯೇ ಸಿಗುವ ಸಂಭವವುಂಟು. ಸಾಮಾನ್ಯವಾಗಿ ಪ್ರತ್ಯೇಕವಾಗಿ ತರಿಸಿಕೊಳ್ಳಬೇಕಾದ, ಕರ್ನಲ್ ಹೊಸದಾದಾಗಲೆಲ್ಲ ಅದಕ್ಕೆ ಹೊಂದಿಸಿ ಮತ್ತೆ ಕೂಡಿಸಬೇಕಾದ ಡ್ರೈವರು ಅಂಥ ಮನೆಗೆ ಹೇಳಿದ್ದಲ್ಲ.

ಅದರ ರುಚಿಯನ್ನು ಒಂದು ರಾತ್ರಿ ನೋಡಿದ್ದೆ. ಆಂತರಿಕ ಪರೀಕ್ಷೆಯ ಲೇಖನ ಒಪ್ಪಿಸುವ ಹಿಂದಿನ ದಿನ. ಗೆಳೆಯನೊಬ್ಬ ತನ್ನ ಲ್ಯಾಪ್‌ಟಾಪಿನೊಂದಿಗೆ ನಮ್ಮ ಮನೆಗೆ ಬಂದಿದ್ದ. ಇಬ್ಬರೂ ಜಾಣತನ ಮಾಡಿ ಬಂಡೆಯ ಮೇಲೆ ಕುಳಿತು ಅಪ್‌ಡೇಟು ಹಾಕಿದೆವು. ಕರ್ನಲ್ ಹೊಸದು ಇಳಿಯಿತು. ಡ್ರೈವರು ಅರ್ಧ ಇಳಿಯುವಾಗ ಮಳೆ ಬಂದು ಸಿಗ್ನಲ್ಲು ಹೋಯಿತು. ಮತ್ತೆ ಹಚ್ಚಿದರೆ ಕಪ್ಪು ಪರದೆ. ತಪ್ಪು ನಮ್ಮದೇ, ಯಂತ್ರದ್ದಲ್ಲ. ಕಾಸರಗೋಡಿನವನಿಗೆ ಫೋನು ಹಚ್ಚೋಣವೆಂದರೆ ಬಂಡೆಯೂ ಕೈಕೊಟ್ಟಿತ್ತು. ರಾತ್ರಿ ಹನ್ನೊಂದಕ್ಕೆ ನೆನಪಾಯಿತು: ಯಂತ್ರ ಏಳುವಾಗ ಪಟ್ಟಿಯಿಂದ ಹಳೆಯ ಕರ್ನಲನ್ನು ಆರಿಸಿಕೊಳ್ಳಬಹುದು. ಎದ್ದಿತು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಲೇಖನವನ್ನು ಕೊನೆಗೆ ಕೈಯಲ್ಲಿ ಬರೆದು ಒಪ್ಪಿಸಿದೆವು. ನನ್ನ ಅಂಕಗಳು ಕೈಬರಹದ ಕಾರಣದಿಂದ ಕಡಮೆಯಾದುವೆಂದು ಈಗಲೂ ನನ್ನ ನಂಬಿಕೆ.

ಅಲ್ಲಿಂದ ಮುಂದೆ ನನ್ನ ಹುಡುಕಾಟ ದಾರಿ ಬದಲಿಸಿತು. ಕಾರ್ಡಿನ ಹೆಸರು ಕೇಳಿ ಮರುಳಾಗುವುದು ನಿಂತಿತು. ಹೆಸರಿನಲ್ಲಿ ಏನಿದೆಯೆಂಬುದಕ್ಕೆ ಒಂದೇ ನಿದರ್ಶನ ಕೊಡುತ್ತೇನೆ: ಲ್ಯಾಪ್‌ಟಾಪುಗಳ ಆರ್‌ಟಿಎಕ್ಸ್ ೪೦೫೦ ಎಂಬ ಕಾರ್ಡು ೩೫ ವಾಟಿನಿಂದ ೧೧೫ ವಾಟಿನವರೆಗೆ, ತಯಾರಕರು ಎಷ್ಟು ಉಣಿಸುತ್ತಾರೋ ಅಷ್ಟು ಉಂಡು ದುಡಿಯುತ್ತದೆ. ಹೊರಗಿನ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು. ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಸೋಜಿಗವೇ ಆಗಲಿಲ್ಲ. "ತಳಿ ಒಂದೇ, ಮೇವು ಬ್ಯಾರೆ. ಅದ್ಕೇನೀಗ?" ಎಂದರು. ಇನ್ನೊಂದು ತೊಡಕು: ಪ್ರತ್ಯೇಕ ಕಾರ್ಡಿರುವ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಒಳಗಿನ ಚಿಪ್ಪು ಬೇರೊಂದಿರುತ್ತದೆ. ಇಬ್ಬರಲ್ಲಿ ಯಾವಾಗ ಯಾರು ಪರದೆಗೆ ಚಿತ್ರ ಬರೆಯಬೇಕೆಂಬ ಏರ್ಪಾಡು ಕೆಟ್ಟರೆ, ಎತ್ತು ಏರಿಗೆಳೆಯಿತು ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಬ್ಯಾಟರಿ ಬರಿದಾಗುತ್ತದೆ, ಕೆಲಸವೂ ಆಗುವುದಿಲ್ಲ.

ಹಾಗಾದರೆ ಒಳಗಿನ ಚಿಪ್ಪೊಂದೇ ಆಟಕ್ಕೆ ಸಾಕಾಗುವಂಥದು ಉಂಟೆ? ಉಂಟು. ಎಎಮ್‌ಡಿಯ ಕೆಲವು ಪ್ರೊಸೆಸರುಗಳ ಹೊಟ್ಟೆಯಲ್ಲಿ ರೇಡಿಯಾನ್ ೬೮೦ಎಂ ಎಂಬ ಗ್ರಾಫಿಕ್ಸ್ ಇದೆ. ಅದಕ್ಕಿಂತ ಈಚಿನದು ೭೮೦ಎಂ. ಪ್ರತ್ಯೇಕ ಕಾರ್ಡಿನ ಮುಂದೆ ಇವು ಪೈಲ್ವಾನರಲ್ಲ. ಆದರೆ ವಾಲ್ವ್ ಕಂಪನಿಯವರು ೨೦೨೨ರಲ್ಲಿ ಮಾರುಕಟ್ಟೆಗೆ ಬಿಟ್ಟ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿ‌ದು ಆಡುವ ಯಂತ್ರದಲ್ಲಿರುವುದೂ ಇದೇ ಮನೆತನದ ಎಎಮ್‌ಡಿ ಚಿಪ್ಪು, ನಡೆಯುವುದೂ ಲಿನಕ್ಸ್. ವಿಂಡೋಸಿಗೆಂದು ಬರೆದ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಎಂಬ ದುಭಾಷಿಯನ್ನು ಅವರು ೨೦೧೮ರಲ್ಲೇ ಹೊರತಂದಿದ್ದರು. ಎಲ್ಲ ಆಟಗಳೂ ಓಡುತ್ತವೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೋಸಗಾರರನ್ನು ಹಿಡಿಯಲು ಯಂತ್ರದ ಒಳಮನೆಗೇ ಕಾವಲುಗಾರನನ್ನು ಇಳಿಸುವ ವ್ಯಾಲೊರಂಟ್‌ನಂಥ ಆಟಗಳು ಲಿನಕ್ಸಿಗೆ ಬರುವುದಿಲ್ಲ. ನಾಲ್ಕು ಜನ ಒಟ್ಟಿಗೆ ಕೂಡಿ ಅವನ್ನೇ ಆಡಬೇಕೆನ್ನುವವರಿಗೆ ಈ ದಾರಿ ಬೇಡ. ಬಂಡೆಯ ಮೇಲೆ ಕುಳಿತು ಅಂಥ ಆಟ ಆಡುವುದು ನನಗೆ ಹೇಗೂ ಸಾಧ್ಯವಿರಲಿಲ್ಲ.

ಪ್ರೊಸೆಸರಿನ ಸಂಖ್ಯೆಗಳನ್ನು ಓದುವುದು ಒಂದು ವಿದ್ಯೆ. ಅಂಗಡಿಯವರು "ಏಳು ಸಾವಿರದ ಸೀರೀಸು ಸಾರ್, ಹೊಸದು" ಎನ್ನುತ್ತಾರೆ. ಆ ನಾಲ್ಕಂಕಿಯಲ್ಲಿ ನೋಡಬೇಕಾದ್ದು ಮೂರನೆಯ ಅಂಕಿ. ಒಳಗಿನ ತಲೆಮಾರನ್ನು ಹೇಳುವುದು ಅದು. ೭೫೨೦ ಎಂಬುದರ ಒಳಗೆ ಎರಡನೆಯ ತಲೆಮಾರು, ೭೫೩೦ರ ಒಳಗೆ ಮೂರನೆಯದು ಮತ್ತು ಹಳೆಯ ವೇಗಾ ಗ್ರಾಫಿಕ್ಸು. ೭೫೩೫ ಎಚ್‌ಎಸ್‌ನಲ್ಲಿ ೬೬೦ಎಂ, ೭೭೩೫ ಎಚ್‌ಎಸ್‌ನಲ್ಲಿ ಅದರ ಎರಡರಷ್ಟು ಆಳುಗಳಿರುವ ೬೮೦ಎಂ. ಒಂದೆರಡು ಅಂಕಿಗಳಲ್ಲಿ ಇಷ್ಟು ಅಂತರ! ಸುಳಿ ನೋಡುವುದೆಂದರೆ ಇದೇ ಎಂದುಕೊಂಡೆ. ಮೆಮೊರಿಯ ಸುಳಿಯೂ ಒಂದುಂಟು. ಒಳಗಿನ ಚಿಪ್ಪಿಗೆ ಸ್ವಂತ ಮೆಮೊರಿಯಿಲ್ಲ, ಪ್ರೊಸೆಸರಿನ ತಟ್ಟೆಯಲ್ಲೇ ಉಣ್ಣಬೇಕು. ಮೆಮೊರಿ ಒಂದೇ ಪಟ್ಟಿಯಲ್ಲಿ ಕೂತಿದ್ದರೆ ಅನ್ನ ಬರುವ ಬಾಗಿಲು ಒಂದೇ. ಅದೇ ೧೬ ಜಿಬಿಯನ್ನು ಎಂಟೆಂಟರ ಎರಡು ಪಟ್ಟಿಗಳಾಗಿ ಹಾಕಿದ್ದರೆ ಬಾಗಿಲು ಎರಡು. ಆಟದ ಓಟಕ್ಕೆ ಇದರಿಂದಾಗುವ ವ್ಯತ್ಯಾಸ ಸಣ್ಣದಲ್ಲ. ಇದನ್ನು ಅಂಗಡಿಯ ಚೀಟಿಯಲ್ಲಿ ಬರೆದಿರುವುದು ಅಪರೂಪ, ಕೇಳಿಯೇ ತಿಳಿಯಬೇಕು.

ಜುಲೈ ತಿಂಗಳ ಒಂದು ಶನಿವಾರ ಅಪ್ಪ ಬಿಳಿಯ ಅಂಗಿ ಹಾಕಿಕೊಂಡು, ದುಡ್ಡನ್ನು ಒಳಜೇಬಿನಲ್ಲಿಟ್ಟು ಪಿನ್ನು ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಹಾಸನದ ಎರಡು ಅಂಗಡಿಗಳಲ್ಲಿ ಪೆನ್‌ಡ್ರೈವು ತೋರಿಸಿದ ಕೂಡಲೇ, ಅದನ್ನು ಚುಚ್ಚಿದರೆ ಗ್ಯಾರಂಟಿ ಹೋಗುತ್ತದೆಂದು ಹೆದರಿಸಿ ಕಳಿಸಿದರು. ಮೂರನೆಯ ಅಂಗಡಿಯ ಹಿರಿಯರು, "ಪ್ರದರ್ಶನಕ್ಕಿಟ್ಟಿರೋದ್ರಲ್ಲಿ ನೋಡ್ಕೊಳ್ಳಪ್ಪ, ಒಳಗೆ ಏನೂ ಅಳಿಸಬೇಡ" ಎಂದರು. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಎಬ್ಬಿಸಿದರೆ ಒಳಗಿನದು ಏನೂ ಅಳಿಯುವುದಿಲ್ಲವೆಂದು ಭಾಷೆ ಕೊಟ್ಟೆ. ಆಗ ಅವರು ಸಹಜವಾಗಿ ಕೇಳಿದರು:

"ಯಾವುದಕ್ಕೆ ಬೇಕು? ಓದೋಕಾ, ಗೇಮ್ ಆಡೋಕಾ? ಅದರ ಮೇಲೆ ತೋರಿಸ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಓದೋಕೆ ಸ್ವಾಮಿ. ಪರೀಕ್ಷೆ ಕಟ್ತಾನಂತೆ" ಎಂದರು. ಹೇಳುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನೋಡಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಅಪ್ಪಾ, ಸ್ವಲ್ಪ ಹೊರಗೆ ಬಾ."

ಹೊರಗೆ ಮಳೆ. ಮೆಟ್ಟಿಲ ಮೇಲೆ ನಿಂತೆವು. "ಓದೋಕೆ ಮೂವತ್ತು ಸಾವಿರದ್ದು ಸಾಕಪ್ಪ. ಇದು... ಆಟಕ್ಕೂ ಬೇಕು ಅಂತ" ಎಂದೆ. ಅಪ್ಪ ಕೊಡೆ ಬಿಚ್ಚಿದರು, ಮತ್ತೆ ಮಡಿಸಿದರು. ಬಸ್ಸೊಂದು ನೀರು ಹಾರಿಸಿಕೊಂಡು ಹೋಯಿತು.

"ಅವತ್ತು ಬಂಗ್ಲೆ ಜಗುಲೀಲಿ ಕಿಟಕಿ ಬಿಟ್ಟು ಬರ್ಲಿಲ್ಲ ನೀನು" ಎಂದರು. "ನಾನು ನೋಡ್ಲಿಲ್ಲ ಅನ್ಕಂಡಿದ್ಯೇನ್ಲಾ?"

ನನಗೆ ಮಾತು ಹೊರಡಲಿಲ್ಲ.

"ಸಂಘದ ಕಂತು?"

"ಮೆಣಸಿನ ಕುಯ್ಲಲ್ಲಿ ನಾನೇ ಕಟ್ತೀನಿ."

"ಸರಿ. ನಿಮ್ಮವ್ವಂಗೆ ನೀನೇ ಹೇಳ್ಬೇಕು, ನಾನ್ ಹೇಳಾಕಿಲ್ಲ." ಸ್ವಲ್ಪ ತಡೆದು, "ಹೂಡಿ ನೋಡಿದ್ಯಾ?" ಎಂದರು.

"ಇನ್ನೂ ಇಲ್ಲ."

"ಮತ್ತೆ ಇಲ್ಲೇನ್ ಮಾಡ್ತಿದೀಯ? ಹೋಗಿ ಹೂಡು."

ಮೊದಲು ಹೂಡಿದ್ದು ಪ್ರತ್ಯೇಕ ಕಾರ್ಡಿನ ಒಂದು ಯಂತ್ರ. ಕೆಂಪು ದೀಪಗಳ ಕೀಲಿಮಣೆ, ಇಟ್ಟಿಗೆಯಂಥ ಚಾರ್ಜರು. ಆಸೆ ಪೂರ್ತಿ ಸತ್ತಿರಲಿಲ್ಲ ನೋಡಿ! ಲಿನಕ್ಸ್ ಎದ್ದಿತು, ವೈಫೈ ಹಿಡಿಯಿತು, ಸದ್ದು ಬಂತು. ನಾನು ಆಗಲೇ ಮನಸ್ಸು ಸೋತಿದ್ದೆ. ಅಪ್ಪ, "ಮಲಗ್ಸಿ ಎಬ್ಸಿ ನೋಡು. ಮಲಗಿದ್ದು ಏಳ್ತದಾ ಇಲ್ವಾ ಅದೇ ಮುಖ್ಯ" ಎಂದರು. ಸಂತೆಯಲ್ಲಿ ನಿಂತಿರುವ ಎತ್ತನ್ನು ಯಾರೂ ಮಾರಬಲ್ಲರು. ಮಲಗಿಸಿ ಎಬ್ಬಿಸಿದಾಗಲೇ ಅದರ ಕಾಲಿನ ಗುಟ್ಟು ಹೊರಬೀಳುವುದಂತೆ. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದೆ. ಫ್ಯಾನು ಗುಂಯ್‌ಗುಟ್ಟಿತು, ಪರದೆ ಏಳಲಿಲ್ಲ. ಮತ್ತೊಮ್ಮೆ ಮಾಡಿದರೂ ಅಷ್ಟೇ. ಮನೆಯಲ್ಲಿ ಕೂತು ಸರಿಪಡಿಸಬಹುದಾದ ದೋಷವೇ ಇರಬಹುದು; ಆದರೆ ಬಂಡೆಯ ನೆನಪಾಯಿತು. ಎರಡನೆಯದು ದೀಪಗಳಿಲ್ಲದ ಬೂದು ಬಣ್ಣದ ಯಂತ್ರ, ೭೭೩೫ ಎಚ್‌ಎಸ್, ಎಂಟೆಂಟರ ಎರಡು ಮೆಮೊರಿ ಪಟ್ಟಿ. ನೋಡಲು ರೈಟರ ಲೆಕ್ಕದ ಪುಸ್ತಕದಂತಿತ್ತು. ಅಪ್ಪ ತಾವೇ ಮುಚ್ಚಳ ಮುಚ್ಚಿ, ಗಡಿಯಾರ ನೋಡಿ, ತಾವೇ ತೆರೆದರು. ಎದ್ದಿತು. ಇನ್ನೆರಡು ಸಲ ಮಾಡಿದರು. ಎರಡು ಸಲವೂ ಎದ್ದಿತು. ಅಂಗಡಿಯ ಹಿರಿಯರು ನಗುತ್ತ ೫೪,೫೦೦ಕ್ಕೆ ಒಪ್ಪಿದರು. ಉಳಿದ ಐನೂರರಲ್ಲಿ ಬಸ್ಸಿನ ಖರ್ಚು ಕಳೆದು, ತಮ್ಮನಿಗೆ ಜಿಲೇಬಿ ತಂದೆವು.

ತಮ್ಮನಿಗೂ ಚಿಕ್ಕಪ್ಪನಿಗೂ ಅದರಲ್ಲಿ ಬಲು ಮೆಚ್ಚಿಗೆಯಾದದ್ದು ಯೂರೋ ಟ್ರಕ್ ಸಿಮ್ಯುಲೇಟರ್ ೨ ಎಂಬ ಲಾರಿ ಓಡಿಸುವ ಆಟ. ಅದಕ್ಕೆ ಲಿನಕ್ಸ್ ಆವೃತ್ತಿಯೇ ಉಂಟು. ಕಾಸರಗೋಡಿನವನ ಸೋದರಮಾವನ ಮನೆಯ ವೈಫೈನಲ್ಲಿ ಒಂದು ಭಾನುವಾರ ಪೂರ್ತಿ ಇಳಿಸಿಕೊಂಡೆವು. ಚಿಕ್ಕಪ್ಪ ಜರ್ಮನಿಯ ಹೆದ್ದಾರಿಯಲ್ಲಿ ಹತ್ತು ನಿಮಿಷ ಲಾರಿ ಓಡಿಸಿ, "ಶಿರಾಡಿ ಘಾಟಿ ಇಳಿಸ್ದೋನಿಗೆ ಇದೇನ್ಲಾ ಆಟ? ರಸ್ತೇಲಿ ಒಂದ್ ಗುಂಡಿನೂ ಇಲ್ಲ" ಎಂದು ಕೈಬಿಟ್ಟರು. ಮರುದಿನ ಮತ್ತೆ ಬಂದು ಕೂತರು.

ಅವ್ವನಿಗೆ ಹೇಳಲು ನನಗೆ ಹನ್ನೊಂದು ದಿನ ಹಿಡಿಯಿತು. ಆ ದಿನ ಸಂಜೆ ಗದ್ದೆಯ ಆಚೆ ಆನೆಗಳಿವೆಯೆಂದು ಸುದ್ದಿ ಬಂದು, ಯಾರೂ ಹೊರಗೆ ಹೋಗಿರಲಿಲ್ಲ. ಕರೆಂಟೂ ಇರಲಿಲ್ಲ. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಅವ್ವ ಅವರೆ ಬೀಜ ಆರಿಸುತ್ತಿದ್ದರು. ಹೇಳಿಬಿಟ್ಟೆ. ಅವ್ವ ಬಹಳ ಹೊತ್ತು ಬೀಜ ಆರಿಸಿದರು. "ಸಂಘದಲ್ಲಿ ಓದೋಕೆ ಅಂತ ಬರ್ಸೀನಿ" ಎಂದರು ಕೊನೆಗೆ. ಅಷ್ಟೇ. ಅದಕ್ಕಿಂತ ಹೆಚ್ಚಾಗಿ ಬೈದಿದ್ದರೆ ಚೆನ್ನಾಗಿತ್ತು. ಅದಾದ ಮೇಲೆ ಒಂದು ಕಂತೂ ತಪ್ಪಿಲ್ಲ. ಜನವರಿಯಿಂದ ಭಾನುವಾರಗಳೆಲ್ಲ ಏಣಿಯ ಮೇಲೆ ಕಳೆದಿವೆ.

ಅದೇ ರಾತ್ರಿ, ಬ್ಯಾಟರಿ ಇನ್ನೂ ಎರಡು ಗಂಟೆ ಉಳಿದಿತ್ತು, ಜೀರೋ ಎ.ಡಿ. ಎಂಬ ಆಟವನ್ನು ತೆರೆದೆ. ಇದು ಲಿನಕ್ಸ್‌ನಂತೆಯೇ ಹಲವರು ಸೇರಿ ಬರೆದು ಪುಕ್ಕಟೆ ಹಂಚಿರುವ ಆಟ. ಪ್ರಾಚೀನ ರಾಜ್ಯಗಳನ್ನು ಕಟ್ಟಿ ಕಾದುವುದು. ಅದರಲ್ಲಿ ಮೌರ್ಯರೂ ಇದ್ದಾರೆ. ಶ್ರವಣಬೆಳಗೊಳದ ಜಿಲ್ಲೆಯವನಾಗಿ ನಾನು ಬೇರೆ ಯಾರ ಪಕ್ಷ ವಹಿಸಲಿ? ಮೌರ್ಯರಿಗೆ ಯುದ್ಧದ ಆನೆಗಳಲ್ಲದೆ ದುಡಿಮೆಯ ಆನೆಯೊಂದುಂಟು. ಕಾಡಿನಲ್ಲಿ ಕಡಿದ ಮರವನ್ನು ಆಳುಗಳು ಊರಿನವರೆಗೂ ಹೊರದೆ ಅದಕ್ಕೇ ತಂದು ಒಪ್ಪಿಸಬಹುದು. ಆ ಆನೆ ಪರದೆಯ ಮೇಲೆ ನಿಧಾನವಾಗಿ ಕಾಡಿನ ಅಂಚಿಗೆ ನಡೆಯಿತು. ಹೊರಗೆ ದೂರದಲ್ಲಿ ಪಟಾಕಿಯ ಸದ್ದಾಯಿತು; ಗದ್ದೆಯ ಆನೆಗಳನ್ನು ಓಡಿಸುತ್ತಿದ್ದರು. ಅವ್ವ ಮೊರ ಕೆಳಗಿಟ್ಟು ಹತ್ತಿರ ಬಂದು ಬಗ್ಗಿ ನೋಡಿದರು.

"ಇದು ಭತ್ತ ತಿನ್ನಾಕಿಲ್ವಾ?"

"ಇಲ್ಲ ಕಣವ್ವ. ಇದು ಸೌದೆ ಹೊರೋದು."

ಅವ್ವ ಇನ್ನಷ್ಟು ಹೊತ್ತು ನೋಡಿದರು.

"ಹಂಗಾದ್ರೆ ಇನ್ನೊಂದು ತರ್ಸು" ಎಂದರು.